ಸೌದೆಯ ತಾಪನ ಒಲೆ

ಸೌದೆಯ ತಾಪನ ಒಲೆ ಎಂದರೆ ಸೌದೆಯನ್ನು ಉರಿಸಿ ಮನೆಯ ಕೋಣೆಗಳನ್ನು ಬೆಚ್ಚಗಿಡುವ, ಎಲ್ಲ ಕಡೆಯೂ ಮುಚ್ಚಿದ ಲೋಹದ ಒಲೆ. ಎರಕದ ಕಬ್ಬಿಣ ಅಥವಾ ಉಕ್ಕಿನಿಂದ ಮಾಡಿದ ಉರಿಗೂಡು, ಶಾಖ ತಾಳುವ ಗಾಜಿನ ಬಾಗಿಲು, ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಕಿಂಡಿಗಳು ಹಾಗೂ ಹೊಗೆಯನ್ನು ಛಾವಣಿಯ ಮೇಲಕ್ಕೆ ಒಯ್ಯುವ ಹೊಗೆಕೊಳವೆ ಇದರ ಮುಖ್ಯ ಭಾಗಗಳು. ಉತ್ತರ ಅಮೆರಿಕ, ಯುರೋಪ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ದಕ್ಷಿಣ ಭಾಗ ಹಾಗೂ ಹಿಮಾಲಯದ ತಪ್ಪಲಿನ ಪ್ರದೇಶಗಳಲ್ಲಿ ಇದು ಬಳಕೆಯಲ್ಲಿದೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆಯ ಶಾಖದ ಬಹುಪಾಲು ಹೊಗೆಯೊಡನೆ ಹೊರಹೋಗುತ್ತದೆ. ಕೋಣೆಗೆ ದೊರೆಯುವುದು ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಮಾತ್ರ. ಆಧುನಿಕ ಒಲೆಗಳಲ್ಲಿ ಈ ಪ್ರಮಾಣ ಶೇ. 70ರಿಂದ 80ರವರೆಗೆ ಇರುತ್ತದೆ. ಆದರೆ ಒಲೆಯ ನಿಜವಾದ ದಕ್ಷತೆ ಮತ್ತು ಅದು ಹೊರಬಿಡುವ ಹೊಗೆಯ ಪ್ರಮಾಣಗಳು ಅದರ ರಚನೆಯನ್ನು ಮಾತ್ರವಲ್ಲದೆ ಸೌದೆಯ ತೇವಾಂಶವನ್ನೂ ಬಳಸುವ ಕ್ರಮವನ್ನೂ ಅವಲಂಬಿಸಿವೆ.

## ಇತಿಹಾಸ

ಯುರೋಪಿನ ಮನೆಗಳಲ್ಲಿ ಬಹುಕಾಲ ಗೋಡೆಯೊಳಗಿನ ತೆರೆದ ಅಗ್ಗಿಷ್ಟಿಕೆಗಳೇ ಚಳಿಗಾಲದ ಆಸರೆಯಾಗಿದ್ದವು. ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ಇಟ್ಟಿಗೆ ಹಾಗೂ ಹೆಂಚುಬಿಲ್ಲೆಗಳಿಂದ ಕಟ್ಟಿದ ದೊಡ್ಡ ಒಲೆಗಳು ರೂಢಿಯಲ್ಲಿದ್ದವು. ಇವು ಕೆಲವು ಗಂಟೆ ಉರಿಸಿದ ಬೆಂಕಿಯ ಕಾವನ್ನು ಹೀರಿಕೊಂಡು ದಿನವಿಡೀ ನಿಧಾನವಾಗಿ ಬಿಟ್ಟುಕೊಡುತ್ತಿದ್ದವು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿ 'ಪೆನ್ಸಿಲ್ವೇನಿಯಾ ಅಗ್ಗಿಷ್ಟಿಕೆ' ಎಂಬ ಲೋಹದ ಒಲೆಯನ್ನು ರೂಪಿಸಿ, 1744ರಲ್ಲಿ ಅದರ ಕುರಿತು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಅದಕ್ಕೆ ಪೇಟೆಂಟ್ ಪಡೆಯುವ ಅವಕಾಶ ಒದಗಿಬಂದರೂ ಅವನು ನಿರಾಕರಿಸಿದನು. ಕೌಂಟ್ ರಮ್‌ಫೋರ್ಡ್ ಎಂದು ಪ್ರಸಿದ್ಧನಾದ ಬೆಂಜಮಿನ್ ಥಾಂಪ್ಸನ್, ಅಗ್ಗಿಷ್ಟಿಕೆಯ ಆಳವನ್ನು ಕಡಿಮೆ ಮಾಡಿ ಪಕ್ಕದ ಗೋಡೆಗಳನ್ನು ಓರೆಯಾಗಿಸಿದರೆ ಹೆಚ್ಚಿನ ಶಾಖ ಕೋಣೆಯತ್ತ ಹೊರಳುತ್ತದೆ ಎಂಬುದನ್ನು 1796ರಲ್ಲಿ ವಿವರಿಸಿದನು. 19ನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಒಲೆಗಳು ವ್ಯಾಪಕವಾದವು. ನಾರ್ವೆಯ ಒಲೆ ತಯಾರಿಕಾ ಸಂಸ್ಥೆ ಯೋತುಲ್ 1853ರಲ್ಲಿ ಆರಂಭವಾಯಿತು.

20ನೆಯ ಶತಮಾನದಲ್ಲಿ ಕಲ್ಲಿದ್ದಲು, ತೈಲ, ಅನಿಲ ಮತ್ತು ವಿದ್ಯುತ್ತಿನ ತಾಪನ ವ್ಯವಸ್ಥೆಗಳು ಬಂದಂತೆ ಸೌದೆಯ ಬಳಕೆ ಕುಗ್ಗಿತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನದ ಬೆಲೆ ಏರಿದಾಗ ಜನರು ಮತ್ತೆ ಸೌದೆಯತ್ತ ಹೊರಳಿದರು. ಆಗ ಮಾರಾಟವಾದ ಅನೇಕ ಒಲೆಗಳು ಗಾಳಿ ನುಸುಳದಂತೆ ಬಿಗಿಯಾಗಿ ಮುಚ್ಚಿಕೊಳ್ಳುವಂಥವು. ಗಾಳಿಯನ್ನು ಅತಿಯಾಗಿ ತಗ್ಗಿಸಿದರೆ ಒಮ್ಮೆ ತುಂಬಿದ ಸೌದೆ ರಾತ್ರಿಯಿಡೀ ಕಮರುತ್ತ ಉಳಿಯುತ್ತಿತ್ತು. ಹೀಗೆ ಉಳಿತಾಯವೆಂದು ಕಂಡದ್ದು ದಟ್ಟ ಹೊಗೆಗೂ, ಹೊಗೆಕೊಳವೆಯೊಳಗೆ ಎಣ್ಣೆಮಸಿ ಕಟ್ಟಿಕೊಳ್ಳುವುದಕ್ಕೂ ಕಾರಣವಾಯಿತು. ಇದರಿಂದ ಉಂಟಾದ ವಾಯುಮಾಲಿನ್ಯವನ್ನು ತಡೆಯಲು ಅಮೆರಿಕದ ಆರೆಗಾನ್ ರಾಜ್ಯವು 1980ರ ದಶಕದಲ್ಲಿ ನಿಯಮಗಳನ್ನು ತಂದಿತು. 1988ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಡೀ ದೇಶಕ್ಕೆ ಅನ್ವಯಿಸುವ ಮಿತಿಗಳನ್ನು ಗೊತ್ತುಪಡಿಸಿತು. ಇಂದಿನ ಒಲೆಗಳ ರಚನೆ ಬಹುಮಟ್ಟಿಗೆ ಇಂತಹ ನಿಯಮಗಳ ಫಲವಾಗಿದೆ.

## ದಹನ ಕ್ರಿಯೆ

ಸೌದೆಯ ದಹನವು ಮೂರು ಹಂತಗಳಲ್ಲಿ ನಡೆಯುತ್ತದೆ.

* ಒಣಗುವ ಹಂತ: ಸೌದೆಯೊಳಗಿನ ನೀರು ಆವಿಯಾಗುತ್ತದೆ. ಈ ಹಂತದಲ್ಲಿ ಶಾಖ ಉತ್ಪತ್ತಿಯಾಗುವುದಿಲ್ಲ, ವ್ಯಯವಾಗುತ್ತದೆ.
* ಅನಿಲದ ಹಂತ: ಉಷ್ಣತೆ 200–300 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಸೌದೆಯು ವಿಭಜನೆಗೊಂಡು ಉರಿಯಬಲ್ಲ ಅನಿಲಗಳನ್ನು ಬಿಡುತ್ತದೆ. ಒಣ ಸೌದೆಯ ತೂಕದ ಸುಮಾರು ಶೇ. 80 ಭಾಗ ಹೀಗೆ ಹೊರಬರುತ್ತದೆ. ಕಣ್ಣಿಗೆ ಕಾಣುವ ಜ್ವಾಲೆಯು ಈ ಅನಿಲಗಳ ಉರಿ.
* ಕೆಂಡದ ಹಂತ: ಅನಿಲಗಳು ಮುಗಿದ ಮೇಲೆ ಉಳಿದ ಇದ್ದಿಲು ಹೆಚ್ಚು ಹೊಗೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ.

ಹೊಗೆ ಎಂಬುದು ಬಹುಮಟ್ಟಿಗೆ ಎರಡನೆಯ ಹಂತದಲ್ಲಿ ಉರಿಯದೆ ತಪ್ಪಿಸಿಕೊಂಡ ಇಂಧನ. ಅದು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಉಷ್ಣತೆ, ಸಾಕಷ್ಟು ಆಮ್ಲಜನಕ ಮತ್ತು ಇವೆರಡೂ ಬೆರೆಯಲು ಸಮಯ ಬೇಕು. ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿದಾಗ ಉಷ್ಣತೆಯೂ ಆಮ್ಲಜನಕವೂ ಒಟ್ಟಿಗೆ ಕುಸಿಯುತ್ತವೆ. ಆದರೆ ಬಿಸಿಯಾದ ಸೌದೆ ಅನಿಲ ಬಿಡುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದಲೇ ಕಮರುವ ಬೆಂಕಿ ಅತಿ ಹೆಚ್ಚು ಹೊಗೆಯಾಡುತ್ತದೆ.

## ರಚನೆ

ಉರಿಗೂಡಿನ ಒಳಭಾಗಕ್ಕೆ ಅಗ್ನಿ ಇಟ್ಟಿಗೆ ಅಥವಾ ವರ್ಮಿಕ್ಯುಲೈಟ್ ಹಲಗೆಗಳನ್ನು ಹೊದಿಸಿ ಬೆಂಕಿಯ ಉಷ್ಣತೆ ಕುಗ್ಗದಂತೆ ಮಾಡಲಾಗುತ್ತದೆ. ಮೊದಲ ಗಾಳಿಯು ಸೌದೆಗೆ ನೇರವಾಗಿ ತಲುಪುತ್ತದೆ. ಎರಡನೆಯ ಗಾಳಿಯು ಒಲೆಯೊಳಗೇ ಬಿಸಿಯಾಗಿ ಮೇಲ್ಭಾಗದ ಸಣ್ಣ ರಂಧ್ರಗಳಿಂದ ಹೊಮ್ಮಿ ಹೊಗೆಯನ್ನು ಹೊತ್ತಿಸುತ್ತದೆ. ಮೇಲೆ ಅಡ್ಡಲಾಗಿಟ್ಟ ತಡೆಹಲಗೆಯು ಅನಿಲಗಳು ನೇರವಾಗಿ ಹೊಗೆಕೊಳವೆಗೆ ನುಗ್ಗದಂತೆ ತಡೆದು, ಅವು ಉರಿಯಲು ಸಮಯ ಒದಗಿಸುತ್ತದೆ. ಗಾಜಿನ ಒಳಮೈ ಮೇಲೆ ಹಾಯುವ ಗಾಳಿಯ ತೆರೆ ಅದರ ಮೇಲೆ ಮಸಿ ಕೂರದಂತೆ ಮಾಡುತ್ತದೆ.

ಕೆಲವು ಒಲೆಗಳಲ್ಲಿ ವೇಗವರ್ಧಕವನ್ನು ಅಳವಡಿಸಿರುತ್ತಾರೆ. ಜೇನುಗೂಡಿನಂತಹ ಪಿಂಗಾಣಿ ಅಥವಾ ಲೋಹದ ಬಿಲ್ಲೆಗೆ ಪ್ಲಾಟಿನಮ್, ಪಲ್ಲಾಡಿಯಮ್‌ನಂತಹ ಲೋಹಗಳ ಲೇಪನವಿದ್ದು, ಅದರ ಮೂಲಕ ಹಾಯುವ ಹೊಗೆ ಸುಮಾರು 300 ಡಿಗ್ರಿಯ ಆಸುಪಾಸಿನಲ್ಲೇ ಉರಿಯಬಲ್ಲದು. ಒಲೆ ಕಾಯುವ ಮೊದಲು ಹೊಗೆಯನ್ನು ಇದರ ಮೂಲಕ ಹಾಯಿಸಬಾರದು. ಕಾಲಕ್ರಮೇಣ ಬಿಲ್ಲೆಯ ಶಕ್ತಿ ಕುಂದುವುದರಿಂದ ಅದನ್ನು ಬದಲಾಯಿಸಬೇಕಾಗುತ್ತದೆ. ಬಳಪದ ಕಲ್ಲಿನ ಹೊದಿಕೆಯುಳ್ಳ ಒಲೆಗಳು ಬೆಂಕಿ ಆರಿದ ಮೇಲೂ ಕೆಲವು ಗಂಟೆ ಕಾವನ್ನು ಬಿಡುತ್ತಿರುತ್ತವೆ.

ಒಲೆಯ ಗಾತ್ರ ಕೋಣೆಗೆ ತಕ್ಕಂತಿರುವುದು ಮುಖ್ಯ. ಅಗತ್ಯಕ್ಕಿಂತ ದೊಡ್ಡ ಒಲೆಯನ್ನು ತಂದರೆ ಕೋಣೆ ವಿಪರೀತ ಬಿಸಿಯಾಗುತ್ತದೆ. ಅದನ್ನು ತಪ್ಪಿಸಲು ಬಳಸುವವರು ಗಾಳಿಯನ್ನು ತಗ್ಗಿಸುತ್ತಾರೆ, ಬೆಂಕಿ ಕಮರುತ್ತದೆ.

## ಇಂಧನ

ಆಗತಾನೆ ಕಡಿದ ಮರದಲ್ಲಿ ಒಟ್ಟು ತೂಕದ ಅರ್ಧದಷ್ಟು ನೀರಿರಬಹುದು. ಚೆನ್ನಾಗಿ ಒಣಗಿದ ಸೌದೆಯಲ್ಲಿ ಇದು ಶೇ. 20 ಅಥವಾ ಅದಕ್ಕಿಂತ ಕಡಿಮೆ. ಶೇ. 20 ತೇವಾಂಶದ ಒಂದು ಕಿಲೋಗ್ರಾಂ ಸೌದೆಯಿಂದ ಸುಮಾರು 4 ಕಿಲೋವ್ಯಾಟ್-ಗಂಟೆ ಶಾಖ ದೊರೆತರೆ, ಅರ್ಧ ನೀರೇ ಇರುವ ಹಸಿ ಸೌದೆಯಿಂದ ಎರಡಕ್ಕಿಂತ ತುಸು ಹೆಚ್ಚು ಮಾತ್ರ ದೊರೆಯುತ್ತದೆ. ಹಸಿ ಸೌದೆ ಉರಿಗೂಡನ್ನು ತಂಪಾಗಿಸುವುದರಿಂದ ಹೊಗೆಯೂ ಹೆಚ್ಚುತ್ತದೆ. ಶೇ. 75 ದಕ್ಷತೆಯುಳ್ಳ ಒಲೆಯಿಂದ 5 ಕಿಲೋವ್ಯಾಟ್ ಶಾಖ ಪಡೆಯಲು ಗಂಟೆಗೆ ಸುಮಾರು 1.7 ಕಿಲೋಗ್ರಾಂ ಒಣ ಸೌದೆ ಬೇಕು.

ಮರವು ತೊಗಟೆಯ ಮೂಲಕ ಬಹಳ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ತುಂಡು ಮಾಡಿದ ಮರವನ್ನು ಸೀಳಿ, ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ ಒಟ್ಟಿ, ಮೇಲ್ಭಾಗಕ್ಕೆ ಮಾತ್ರ ಹೊದಿಕೆ ಹಾಕಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಲಾಗುತ್ತದೆ. ಸಾಮಾನ್ಯ ಜಾತಿಗಳು ಒಂದು ವರ್ಷದಲ್ಲಿ ಒಣಗಿದರೆ ಓಕ್‌ನಂತಹ ಗಟ್ಟಿ ಮರಗಳಿಗೆ ಎರಡು ವರ್ಷ ಅಥವಾ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಸೌದೆಯನ್ನು ನೆಚ್ಚಿದ ಮನೆಗಳಲ್ಲಿ ಒಂದೆರಡು ವರ್ಷ ಮುಂಚಿತವಾಗಿಯೇ ಸೌದೆ ಕೂಡಿಡುವುದು ರೂಢಿ. ಎರಡು ಮೊನೆಗಳುಳ್ಳ ತೇವಮಾಪಕದಿಂದ ತೇವಾಂಶವನ್ನು ಅಳೆಯಬಹುದು. ಹೊರಮೈ ಒಣಗಿದ್ದರೂ ಒಳಗೆ ಹಸಿಯಿರಬಹುದಾದ್ದರಿಂದ ಆಗತಾನೆ ಸೀಳಿದ ಒಳಮೈಯಲ್ಲಿ ಅಳೆಯಬೇಕು.

ಬಣ್ಣ ಬಳಿದ ಮರ, ಗೆದ್ದಲು ನಿರೋಧಕ ರಾಸಾಯನಿಕ ಸೇರಿಸಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಹಾಗೂ ಕಸವನ್ನು ಒಲೆಯಲ್ಲಿ ಉರಿಸಬಾರದು. ಸಂಸ್ಕರಿತ ಮರದ ಕೆಲವು ಬಗೆಗಳಲ್ಲಿ ಆರ್ಸೆನಿಕ್ ಇರುತ್ತದೆ. ಸಮುದ್ರದಿಂದ ದಡಕ್ಕೆ ಬಂದ ಮರದಲ್ಲಿನ ಉಪ್ಪು ಲೋಹವನ್ನು ತುಕ್ಕು ಹಿಡಿಸುವುದಲ್ಲದೆ ವಿಷಕಾರಿ ಡಯಾಕ್ಸಿನ್‌ಗಳ ಉತ್ಪತ್ತಿಗೂ ಕಾರಣವಾಗುತ್ತದೆ.

## ದೈನಂದಿನ ಬಳಕೆ

ಬೆಂಕಿ ಹೊತ್ತಿಸುವಾಗ ಒಲೆ ಮತ್ತು ಹೊಗೆಕೊಳವೆ ಎರಡೂ ತಣ್ಣಗಿರುವುದರಿಂದ ಆ ಹೊತ್ತಿನಲ್ಲಿ ಹೊಗೆ ಹೆಚ್ಚು. ಇದನ್ನು ತಗ್ಗಿಸಲು ದಪ್ಪ ಸೀಳುಗಳನ್ನು ಕೆಳಗಿಟ್ಟು, ಅವುಗಳ ಮೇಲೆ ಸಣ್ಣ ಚಕ್ಕೆಗಳನ್ನು ಜೋಡಿಸಿ, ತುದಿಯಿಂದ ಹೊತ್ತಿಸುವ ಕ್ರಮವನ್ನು ಹಲವು ದೇಶಗಳಲ್ಲಿ ಶಿಫಾರಸು ಮಾಡಲಾಗುತ್ತದೆ. ಬೆಂಕಿ ಮೇಲಿನಿಂದ ಕೆಳಗಿಳಿಯುವುದರಿಂದ ಕೆಳಗಿನ ಸೌದೆ ಬಿಡುವ ಅನಿಲಗಳು ಜ್ವಾಲೆಯ ಮೂಲಕವೇ ಹಾದುಹೋಗುತ್ತವೆ. ಆರಂಭದಲ್ಲಿ ಗಾಳಿಯ ಕಿಂಡಿಗಳನ್ನು ಪೂರ್ತಿ ತೆರೆದಿಟ್ಟು, ಉರಿ ಸ್ಥಿರವಾದ ಮೇಲೆ ಹಂತಹಂತವಾಗಿ ತಗ್ಗಿಸಲಾಗುತ್ತದೆ.

ನಂತರ ಸೌದೆಯನ್ನು ಕೆಂಡದ ಹಾಸು ಇರುವಾಗಲೇ ಸ್ವಲ್ಪಸ್ವಲ್ಪವಾಗಿ ಹಾಕುವುದು ಉತ್ತಮ. ಪ್ರತಿ ಬಾರಿ ಸೌದೆ ಹಾಕಿದ ಮೇಲೆ ಕೆಲಹೊತ್ತು ಗಾಳಿಯನ್ನು ಹೆಚ್ಚಿಸಬೇಕು. ಬಾಗಿಲನ್ನು ಒಮ್ಮೆಲೇ ಎಳೆದರೆ ಹೊಗೆ ಕೋಣೆಗೆ ನುಗ್ಗುವುದರಿಂದ ನಿಧಾನವಾಗಿ ತೆರೆಯಬೇಕು. ಉರಿಯ ಸ್ಥಿತಿಯನ್ನು ತಿಳಿಯಲು ಹೊರಗೆ ಹೋಗಿ ಕೊಳವೆಯ ತುದಿಯನ್ನು ನೋಡುವುದು ಸರಳ ವಿಧಾನ: ಬೆಂಕಿ ಹತ್ತಿದ ಮೇಲೂ ದಟ್ಟ ಹೊಗೆ ಕಂಡರೆ ಸೌದೆ ಹಸಿಯಾಗಿದೆ ಅಥವಾ ಗಾಳಿ ಸಾಲದು. ಗಾಜು ಬೇಗ ಕಪ್ಪಾಗುವುದೂ ಇದೇ ಲಕ್ಷಣ.

ಬೂದಿಯೊಳಗೆ ಅಡಗಿದ ಕೆಂಡವು ಕೆಲವು ದಿನಗಳವರೆಗೂ ಜೀವಂತವಾಗಿರಬಲ್ಲದು. ಆದ್ದರಿಂದ ಬೂದಿಯನ್ನು ಮುಚ್ಚಳವುಳ್ಳ ಲೋಹದ ಪಾತ್ರೆಯಲ್ಲಿ ತುಂಬಿ ಮನೆಯ ಹೊರಗೆ, ಮರದ ನೆಲಹಾಸಿನಿಂದ ದೂರ ಇಡಬೇಕು. ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಇರುವ ತಣ್ಣನೆಯ ಬೂದಿಯನ್ನು ಆಮ್ಲೀಯ ಮಣ್ಣಿನ ತೋಟಗಳಿಗೆ ಹಿತಮಿತವಾಗಿ ಬಳಸುತ್ತಾರೆ.

## ಹೊಗೆಕೊಳವೆ ಮತ್ತು ಸುರಕ್ಷತೆ

ಹೊಗೆಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುವಾಗ ಉಂಟಾಗುವ ಸೆಳೆತವೇ ಒಲೆಗೆ ಗಾಳಿಯನ್ನು ಎಳೆದುಕೊಡುತ್ತದೆ. ಕೊಳವೆ ಗಿಡ್ಡವಾಗಿದ್ದರೆ ಅಥವಾ ಹೊರಗೋಡೆಯ ಚಳಿಯಲ್ಲಿ ತಣ್ಣಗಾದರೆ ಸೆಳೆತ ಕುಗ್ಗಿ ಹೊಗೆ ಒಳಗೇ ಹಿಂದಿರುಗಬಹುದು. ಅಮೆರಿಕದ ರೂಢಿಯ ನಿಯಮದಂತೆ ಕೊಳವೆಯು ಛಾವಣಿಯನ್ನು ಹಾದುಬರುವ ಜಾಗದಿಂದ ಕನಿಷ್ಠ 3 ಅಡಿ ಎತ್ತರವಾಗಿರಬೇಕು ಹಾಗೂ 10 ಅಡಿ ಅಂತರದೊಳಗಿನ ಛಾವಣಿಯ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಬಿಗಿಯಾಗಿ ಕಟ್ಟಿದ ಮನೆಗಳಲ್ಲಿ ಅಡುಗೆಮನೆಯ ಗಾಳಿದೂಡುವ ಪಂಖವೂ ಈ ಸೆಳೆತವನ್ನು ಹಿಮ್ಮೆಟ್ಟಿಸಬಲ್ಲದು. ಅಂತಹ ಕಡೆ ಒಲೆಗೆ ಹೊರಗಿನಿಂದಲೇ ಗಾಳಿ ತರುವ ಕೊಳವೆಯನ್ನು ಜೋಡಿಸುತ್ತಾರೆ.

ಉರಿಯದ ಹೊಗೆ ಕೊಳವೆಯ ತಣ್ಣನೆಯ ಗೋಡೆಗೆ ತಾಗಿ ಹೆಪ್ಪುಗಟ್ಟಿದಾಗ ಕ್ರಿಯೋಸೋಟ್ ಎಂಬ ಕಪ್ಪು ಅಂಟು ಪದಾರ್ಥ ಉಂಟಾಗುತ್ತದೆ. ಇದು ಬೆಂಕಿ ಹಿಡಿದರೆ ಕೊಳವೆಯೊಳಗಿನ ಉಷ್ಣತೆ 1,000 ಡಿಗ್ರಿ ಮೀರಬಹುದು. ಕೊಳವೆ ಬಿರಿದು ಬೆಂಕಿ ಮನೆಗೆ ಹರಡುವ ಅಪಾಯವಿದೆ. ಆದ್ದರಿಂದ ವರ್ಷಕ್ಕೆ ಕನಿಷ್ಠ ಒಮ್ಮೆ ಕೊಳವೆಯನ್ನು ಪರೀಕ್ಷಿಸಿ ಮಸಿ ತೆಗೆಸಬೇಕು. ಒಲೆಯ ಕೆಳಗೆ ಬೆಂಕಿ ತಗುಲದ ನೆಲಹಾಸು ಇರಬೇಕು. ಗೋಡೆ ಮತ್ತು ಪೀಠೋಪಕರಣಗಳಿಂದ ತಯಾರಕರು ಸೂಚಿಸಿದ ಅಂತರ ಇರಬೇಕು.

ಅಪೂರ್ಣ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅದರ ಸೋರಿಕೆಯನ್ನು ಮನುಷ್ಯರು ಗುರುತಿಸಲಾರರಾದ್ದರಿಂದ ಎಚ್ಚರಿಕೆ ಗಂಟೆಯುಳ್ಳ ಸಂವೇದಕವನ್ನು ಒಲೆಯಿರುವ ಕೋಣೆಯಲ್ಲಿ ಅಳವಡಿಸುವುದು ಅವಶ್ಯಕ.

## ವಾಯುಮಾಲಿನ್ಯ ಮತ್ತು ಆರೋಗ್ಯ

ಸೌದೆಯ ಹೊಗೆಯಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್ ಮತ್ತಿತರ ಹಾನಿಕಾರಕ ವಸ್ತುಗಳಿರುತ್ತವೆ. ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಉಸಿರಾಟದ ಹಾಗೂ ಹೃದಯದ ಕಾಯಿಲೆಗಳನ್ನು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಸೂಚಿಸಿದೆ. ಕಣಿವೆಯ ಊರುಗಳಲ್ಲಿ ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಲ್ಲುವುದರಿಂದ ಹೊಗೆ ಮೇಲೇರದೆ ಊರಿನ ಮೇಲೆಯೇ ಕವಿಯುತ್ತದೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಇದಕ್ಕೆ ಪ್ರಸಿದ್ಧ ನಿದರ್ಶನ.

ಟ್ಯಾಸ್ಮೇನಿಯಾದ ಲಾನ್ಸೆಸ್ಟನ್ ನಗರದಲ್ಲಿ 2001ರಿಂದ ಸೌದೆ ಒಲೆಗಳನ್ನು ಬಿಟ್ಟು ವಿದ್ಯುತ್ ತಾಪಕಗಳಿಗೆ ಬದಲಾಗಲು ನೆರವು ನೀಡಲಾಯಿತು. ಸೌದೆ ಒಲೆಯಿರುವ ಮನೆಗಳ ಪ್ರಮಾಣ ಶೇ. 66ರಿಂದ ಶೇ. 30ಕ್ಕೆ ಇಳಿಯಿತು, ಚಳಿಗಾಲದಲ್ಲಿ 10 ಮೈಕ್ರಾನ್‌ವರೆಗಿನ ಕಣಗಳ ದೈನಿಕ ಸರಾಸರಿ ಘನ ಮೀಟರಿಗೆ 44ರಿಂದ 27 ಮೈಕ್ರೋಗ್ರಾಂಗೆ ತಗ್ಗಿತು. 2013ರಲ್ಲಿ ಪ್ರಕಟವಾದ ಅಧ್ಯಯನವು ಅದೇ ಅವಧಿಯಲ್ಲಿ ಉಸಿರಾಟದ ಮತ್ತು ಹೃದ್ರೋಗದ ಚಳಿಗಾಲದ ಸಾವುಗಳೂ ಇಳಿದುದನ್ನು ದಾಖಲಿಸಿತು. ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಪಟ್ಟಣದಲ್ಲಿ 2005ರ ನಂತರ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳ ಬದಲಿಗೆ ಹೊಸ ಒಲೆಗಳನ್ನು ಒದಗಿಸಿದಾಗಲೂ ಚಳಿಗಾಲದ ಸೂಕ್ಷ್ಮ ಕಣಗಳು ಗಮನಾರ್ಹವಾಗಿ ಕಡಿಮೆಯಾದವು.

ಹೊಸ ಒಲೆ ಹಳೆಯದಕ್ಕಿಂತ ಸ್ವಚ್ಛವಾದರೂ ಅನಿಲ ಅಥವಾ ವಿದ್ಯುತ್ ತಾಪಕಕ್ಕೆ ಹೋಲಿಸಿದರೆ ಮನೆಯ ಆಸುಪಾಸಿನಲ್ಲಿ ಅದು ಹೆಚ್ಚು ಕಣಗಳನ್ನು ಬಿಡುತ್ತದೆ. ಮತ್ತೆ ಬೆಳೆಯುವ ಮರವು ಉರಿದ ಸೌದೆಯ ಇಂಗಾಲವನ್ನು ಹೀರಿಕೊಳ್ಳುತ್ತದೆಂಬ ಕಾರಣಕ್ಕೆ ಸೌದೆಯನ್ನು ನವೀಕರಿಸಬಹುದಾದ ಇಂಧನವೆಂದು ಪರಿಗಣಿಸಲಾಗುತ್ತದೆ. ಆದರೆ ಈ ಲಾಭವು ಕಾಡಿನ ಮರುಬೆಳವಣಿಗೆಯ ವೇಗವನ್ನು ಅವಲಂಬಿಸಿದ್ದು, ಉಸಿರಾಡುವ ಗಾಳಿಯ ಗುಣಮಟ್ಟಕ್ಕೆ ಸಂಬಂಧಿಸಿದ್ದಲ್ಲ.

## ನಿಯಮಗಳು

ಅಮೆರಿಕದಲ್ಲಿ 2015ರ ಪರಿಷ್ಕೃತ ನಿಯಮದಂತೆ 2020ರ ಮೇ ತಿಂಗಳಿನಿಂದ ಹೊಸ ಒಲೆಗಳ ಕಣಗಳ ಮಿತಿ ಗಂಟೆಗೆ 2 ಗ್ರಾಂ. ಅಚ್ಚುಕಟ್ಟಾಗಿ ಕೊಯ್ದ ಒಣ ಮರದ ತುಂಡುಗಳ ಬದಲು ಮನೆಗಳಲ್ಲಿ ಬಳಸುವಂತಹ ಸೀಳಿದ ಸೌದೆಯಿಂದ ಪರೀಕ್ಷಿಸಿದರೆ ಮಿತಿ 2.5 ಗ್ರಾಂ. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿ 1ರಿಂದ ಒಲೆಗಳ ದಕ್ಷತೆ ಮತ್ತು ಹೊಗೆಗೆ ಏಕರೂಪದ ಮಿತಿಗಳು ಜಾರಿಯಲ್ಲಿವೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20ನ್ನು ಮೀರುವಂತಿಲ್ಲ.

## ಭಾರತದಲ್ಲಿ

ಕಾಶ್ಮೀರ, ಲಡಾಖ್ ಮತ್ತು ಹಿಮಾಚಲ ಪ್ರದೇಶಗಳಲ್ಲಿ ಬುಖಾರಿ ಎಂಬ ತಗಡಿನ ಒಲೆ ಬಳಕೆಯಲ್ಲಿದೆ. ಇದಕ್ಕೆ ಹೊಗೆಕೊಳವೆ ಇರುತ್ತದೆ. ಉತ್ತರ ಭಾರತದ ಅಂಗೀಠಿಯಂತಹ ಕೊಳವೆಯಿಲ್ಲದ ಕೆಂಡದ ಒಲೆಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದರಿಂದ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡು ಸಾವುಗಳು ಸಂಭವಿಸುತ್ತವೆ. ಕೆಂಡದಿಂದ ಹೊಗೆ ಕಾಣದಿದ್ದರೂ ಅದು ಈ ಅನಿಲವನ್ನು ಬಿಡುತ್ತಲೇ ಇರುತ್ತದೆ.

ಕರ್ನಾಟಕದ ಹವಾಮಾನದಲ್ಲಿ ಕೋಣೆಯ ತಾಪನಕ್ಕೆ ಒಲೆಯ ಅಗತ್ಯ ಕಡಿಮೆ. ಆದರೆ ಬಚ್ಚಲುಮನೆಯ ಹಂಡೆ ಒಲೆಗೂ ಅಡುಗೆಯ ಒಲೆಗೂ ದಹನದ ಇದೇ ತತ್ತ್ವಗಳು ಅನ್ವಯಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪನೆಯಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಮುಚ್ಚಿದ ಉರಿಗೂಡು, ನಿಯಂತ್ರಿತ ಗಾಳಿ ಮತ್ತು ಹೊಗೆಕೊಳವೆಗಳ ಮೂಲಕ ಸೌದೆಯನ್ನೂ ಅಡುಗೆಮನೆಯ ಹೊಗೆಯನ್ನೂ ಕಡಿಮೆ ಮಾಡಲು ಉದ್ದೇಶಿಸಿದ ಅಡುಗೆ ಒಲೆ.