‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಮದ್ದು ಹುಟ್ಟಿದ ಬಗೆ

2004ರ ಮಳೆಗಾಲ. ಮುಂಬಯಿಯ ಗೋರೆಗಾಂವ್ ಪಶ್ಚಿಮದ ನಮ್ಮ ಮನೆಯಲ್ಲಿ ದೊಡ್ಡಪ್ಪ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದರು. ಪರದೆ ಒಮ್ಮೆ ನೀಲಿಯಾಯಿತು, ರೆಪ್ಪೆ ಬಡಿಯುವಷ್ಟರಲ್ಲಿ ಕಪ್ಪಾಯಿತು, ಆಮೇಲೆ ತಾನಾಗಿಯೇ ಮೊದಲಿನಿಂದ ಶುರುವಾಯಿತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಪಾಡು. ಮರುದಿನ ಬಂದ ರಿಪೇರಿ ಹುಡುಗ ಚೀಲದಿಂದ ಸಿ.ಡಿ. ತೆಗೆಯುತ್ತಲೇ, ಫಾರ್ಮ್ಯಾಟ್ ಮಾಡಿಬಿಡೋಣ ಅಂಕಲ್ ಎಂದ. ಒಂದೂವರೆ ಗಂಟೆಯಲ್ಲಿ ಯಂತ್ರ ಹೊಸದರಂತಾಯಿತು. ಡೆಸ್ಕ್‌ಟಾಪ್ ಮೇಲಿದ್ದ ದೊಡ್ಡಪ್ಪನ ಬರಹ ಮಾತ್ರ ಇರಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ದಿನಗಳ ನೆನಪು, ಸುಮಾರು ನಲವತ್ತು ಪುಟ. ನಾಲ್ಕನೇ ದಿನ ನೀಲಿ ಪರದೆ ಮತ್ತೆ ಬಂತು.

ಆ ಹುಡುಗನನ್ನು ನಾನು ಇಂದಿಗೂ ಬೈಯಲಾರೆ. ಕಾಯಿಲೆ ಯಾವುದೇ ಇರಲಿ, ಮದ್ದು ಇದೊಂದೇ ಎನ್ನುವ ರೂಢಿ ಅವನು ಹುಟ್ಟುಹಾಕಿದ್ದಲ್ಲ.

ತೊಂಬತ್ತರ ದಶಕದ ಕೊನೆಗೆ ಮುಂಬಯಿಯ ಮಧ್ಯಮ ವರ್ಗದ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಹೆಚ್ಚಾಗಿ ಲ್ಯಾಮಿಂಗ್ಟನ್ ರೋಡಿನಿಂದ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಸಾಲು ಸಾಲು ಅಂಗಡಿಗಳು. ಮದರ್‌ಬೋರ್ಡ್ ಒಂದು ಕಂಪನಿಯದು, ರ‍್ಯಾಮ್ ಇನ್ನೊಂದರದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತೊಂದರದು. ಎಲ್ಲ ಸೇರಿಸಿ ಕಟ್ಟಿದ ‘ಅಸೆಂಬಲ್ಡ್’ ಯಂತ್ರಕ್ಕೆ ಕಂಪನಿ ಮಾಲಿನಷ್ಟು ಬೆಲೆ ಇರಲಿಲ್ಲ. ಆದರೆ ಕೆಟ್ಟರೆ ಹೊಣೆ ಯಾರದು? ಕೇಳಲು ಒಂದು ಕಂಪನಿ ಇಲ್ಲ. ಬಿಡಿಭಾಗಗಳ ಡ್ರೈವರ್ ಸಿ.ಡಿ.ಗಳು ಮನೆಯಲ್ಲಿ ಎಲ್ಲೋ ಕಳೆದಿರುತ್ತಿದ್ದವು.

ಅದರ ಮೇಲೆ ಅಂದಿನ ವಿಂಡೋಸ್ 95, 98. ಇವು ಹಳೆಯ ಡಾಸ್‌ನ ಬುನಾದಿಯ ಮೇಲೆ ಕಟ್ಟಿದವು. ಒಂದು ಪ್ರೋಗ್ರಾಂ ದಾರಿ ತಪ್ಪಿದರೆ ಇಡೀ ಯಂತ್ರವನ್ನು ಎಳೆದುಕೊಂಡು ಬೀಳಬಹುದಿತ್ತು. 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ಸ್ಕ್ಯಾನರ್ ಜೋಡಿಸಿದ ಕೂಡಲೇ ವಿಂಡೋಸ್ 98 ನೀಲಿ ಪರದೆ ತೋರಿಸಿತು. ಮಾಡಿದವರ ಕೈಯಲ್ಲೇ ಹೀಗಾದರೆ ನಮ್ಮ ಮನೆಯಲ್ಲಿ ಕೇಳಬೇಕೆ? ಆ ದಿನಗಳಲ್ಲಿ ತೊಂದರೆ ಎಷ್ಟೋ ಸಲ ಸಾಫ್ಟ್‌ವೇರ್‌ನದೇ ಆಗಿದ್ದುದರಿಂದ ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ನಿಜಕ್ಕೂ ಸರಿಹೋಗುತ್ತಿತ್ತು. ರಿಪೇರಿಯವನಿಗೂ ಅದೇ ಅನುಕೂಲ. ಕಾರಣ ಹುಡುಕಲು ಎಷ್ಟು ಹೊತ್ತು ಹಿಡಿದೀತೋ ಗೊತ್ತಿಲ್ಲ. ಫಾರ್ಮ್ಯಾಟಿಗೆ ಹಿಡಿಯುವ ಹೊತ್ತು ಗೊತ್ತು, ಸಿಗುವ ದುಡ್ಡೂ ಗೊತ್ತು. ಬೊರಿವಲಿಯಿಂದ ಅಂಧೇರಿಯವರೆಗೆ ದಿನಕ್ಕೆ ನಾಲ್ಕಾರು ಮನೆ ಹತ್ತಿಳಿಯುವವನು ಯಾವುದನ್ನು ಆರಿಸಿಕೊಂಡಾನು?

ಕನ್ನಡದಲ್ಲಿ ಬರೆಯುವವರಿಗೆ ಇದರ ಪೆಟ್ಟು ಇಮ್ಮಡಿ. 1998ರಲ್ಲಿ ಕನ್ನಡ ಬರೆಯುವ ತಂತ್ರಾಂಶ ‘ಬರಹ’ ಬಂತು, ಮುಂದೆ ‘ನುಡಿ’. ಅಂದಿನ ಅವುಗಳ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಫಾರ್ಮ್ಯಾಟ್ ಆದ ಮೇಲೆ ಫಾಂಟ್ ಮಾಯ. ಡಿ ಡ್ರೈವ್‌ನಲ್ಲಿ ಉಳಿದ ಫೈಲ್ ತೆರೆದರೂ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಮತ್ತೆ ಹಾಕಿದರೆ ಬರಹ ಮರಳುತ್ತದೆ ಎಂದು ತಿಳಿಯದೆ, ಫೈಲೇ ಕೆಟ್ಟಿತೆಂದು ಅಳಿಸಿದವರಿದ್ದಾರೆ.

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಒಳಗಿನ ಲೆಕ್ಕವೇ ಬದಲಾಯಿತು. ಕಚೇರಿಗಳಿಗೆಂದು ಮಾಡಿದ್ದ ವಿಂಡೋಸ್ ಎನ್‌ಟಿಯ ಗಟ್ಟಿ ಬುನಾದಿ ಮನೆಗೂ ಸಿಕ್ಕಿತು. ಒಂದು ಪ್ರೋಗ್ರಾಂ ಕೆಟ್ಟರೆ ಅದೊಂದೇ ಬೀಳುತ್ತದೆ. ಇನ್ನು ನೀಲಿ ಪರದೆ ಬಂತೆಂದರೆ ಹೆಚ್ಚಾಗಿ ಡ್ರೈವರ್ ಅಥವಾ ಬಿಡಿಭಾಗದ ಮೇಲೆ ಕಣ್ಣಿಡಬೇಕು. ಆ ಪರದೆ ಯಂತ್ರದ ಸಾವಲ್ಲ. ಮುಂದುವರಿದರೆ ನಿಮ್ಮ ಫೈಲುಗಳು ಕೆಟ್ಟಾವು ಎಂದು ವಿಂಡೋಸ್ ತಾನೇ ಕೆಲಸ ನಿಲ್ಲಿಸಿ, ಕಾರಣದ ಸಂಕೇತ ಬರೆದು ತೋರಿಸುತ್ತದೆ. ದುರದೃಷ್ಟಕ್ಕೆ ಎಕ್ಸ್‌ಪಿ ಅದನ್ನು ತೋರಿಸಿದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗುವಂತೆ ಇತ್ತು. ಓದಲು ಯಾರಿಗೂ ಪುರಸೊತ್ತು ಸಿಗಲಿಲ್ಲ. ಅದೇ ವಿವರದ ಒಂದು ಪ್ರತಿ ಸಿ ಡ್ರೈವ್‌ನ ‘ಮಿನಿಡಂಪ್’ ಫೋಲ್ಡರ್‌ನಲ್ಲಿ ಉಳಿಯುತ್ತಿತ್ತು. ಫಾರ್ಮ್ಯಾಟ್ ಮೊದಲು ಅಳಿಸುತ್ತಿದ್ದುದೇ ಆ ಸಾಕ್ಷಿಯನ್ನು.

2003ರ ಆಗಸ್ಟಿನಲ್ಲಿ ಇಂಟರ್ನೆಟ್ ಮೂಲಕ ಹರಡಿದ ಬ್ಲಾಸ್ಟರ್ ವರ್ಮ್ ಇನ್ನೊಂದು ಪಾಠ. ಅರವತ್ತು ಸೆಕೆಂಡ್ ಎಣಿಸಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಅದು ನುಸುಳುವ ಕಿಂಡಿ ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಜುಲೈಯಲ್ಲೇ ಕೊಟ್ಟಿತ್ತು. ಹಳೆಯ ಸಿ.ಡಿ.ಯಿಂದ ಫಾರ್ಮ್ಯಾಟ್ ಮಾಡಿದವರು ಕಿಂಡಿಯನ್ನು ಮತ್ತೆ ತೆರೆದಿಟ್ಟು ಇಂಟರ್ನೆಟ್‌ಗೆ ಹೋದಂತಾಗುತ್ತಿತ್ತು.

ನಮ್ಮ ಮನೆಗೆ ಎರಡನೆಯ ಸಲ ಬಂದವರು ವಯಸ್ಸಾದವರು. ಸಿ.ಡಿ. ಮುಟ್ಟಲಿಲ್ಲ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬದಿ ತೆಗೆದು ಟಾರ್ಚ್ ಹಾಕಿದರು. ಪ್ರೊಸೆಸರ್ ಫ್ಯಾನಿನ ಎಸಳುಗಳ ಮೇಲೆ ಕಂಬಳಿಯಂತೆ ದೂಳು. ಎರಡು ಕೊಕ್ಕೆ ಒತ್ತಿ ರ‍್ಯಾಮ್ ಪಟ್ಟಿ ಎಬ್ಬಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕೆಳಅಂಚಿನ ಚಿನ್ನದ ಬಣ್ಣದ ತುದಿಗಳು ಮಂಕಾಗಿದ್ದವು. ಮಲಾಡ್ ಖಾಡಿಯ ಉಪ್ಪುಗಾಳಿ, ಜುಲೈಯ ತೇವ. ಶಾಲೆಯ ಮಕ್ಕಳ ರಬ್ಬರ್ ಕೇಳಿ ಪಡೆದು, ತುದಿಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್‌ನಲ್ಲಿ ಸರಿಸಿ ಮತ್ತೆ ಕೂರಿಸಿದರು. ಟಕ್, ಟಕ್ ಎಂದು ಎರಡೂ ಕೊಕ್ಕೆ ಕೂತವು. ಆ ಯಂತ್ರ ಮುಂದೆ ಐದು ವರ್ಷ ನಡೆಯಿತು. ದೊಡ್ಡಪ್ಪ ಮಾತ್ರ ಆ ಬರಹವನ್ನು ಮತ್ತೆ ಶುರು ಮಾಡಲಿಲ್ಲ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ದೋಷದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಿಗೆ ನೀಲಿ ಪರದೆ ಬಂತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅದಕ್ಕೆ ಸಿಕ್ಕ ಮದ್ದು ಏನು? ಸೇಫ್ ಮೋಡ್‌ನಲ್ಲಿ ತೆರೆದು ಒಂದೇ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಬೇಕಾಗಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಮನೆಮನೆಯ ಹಳೆಯ ಯಂತ್ರಗಳು ಮತ್ತೊಮ್ಮೆ ರಿಪೇರಿಯವರ ಕೈಗೆ ಹೋಗುವ ಕಾಲ ಇದು. ದಯವಿಟ್ಟು ಇಷ್ಟು ಮಾಡಿ. ಪರದೆಯ ಮೇಲಿನ ಸಂಕೇತದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆಯನ್ನು ಒಂದು ರಾತ್ರಿ ಓಡಿಸಿ. ಫಾರ್ಮ್ಯಾಟ್ ಅನಿವಾರ್ಯವೇ ಆದರೆ, ಹೂಂ ಎನ್ನುವ ಮೊದಲು ಮನೆಯ ಹಿರಿಯರನ್ನು ಕರೆದು, ಅವರು ಬರೆದದ್ದು ಯಾವ ಫೋಲ್ಡರ್‌ನಲ್ಲಿದೆ ಎಂದು ಕೇಳಿ, ಮೊದಲು ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ.