ಓಪನ್ ಸೋರ್ಸ್ ಇಮೇಜ್ ಸ್ಲೈಡರ್: ಕಟ್ಟೋದು ಒಂದು ಸಂಜೆ, ಟೆಸ್ಟ್ ಮಾಡೋದು ಒಂದು ತಿಂಗಳು

ಮೆಟ್ರೋದಲ್ಲೋ ಲೋಕಲ್ ಟ್ರೈನಲ್ಲೋ ನಿಂತುಕೊಂಡು ವಿಡಿಯೋ ನೋಡೋಕೆ ಆಗದವರಿಗಾಗಿ ಇವತ್ತಿನ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೀನಿ.

ವಿಷಯ, ವೆಬ್‌ಸೈಟಿಗೆ ಹಾಕುವ ಇಮೇಜ್ ಸ್ಲೈಡರ್ ಪ್ಲಗಿನ್. "ಅಯ್ಯೋ, ಅದರಲ್ಲೇನಿದೆ?" ಅಂತ ಅನ್ನಿಸಬಹುದು. ಚಿತ್ರ ಪಕ್ಕಕ್ಕೆ ಸರಿಯುವಂತೆ ಮಾಡೋದು ಒಂದು ಸಂಜೆಯ ಕೆಲಸ, ಒಪ್ತೀನಿ. ಆದರೆ ಅದನ್ನೇ ಓಪನ್ ಸೋರ್ಸ್ ಪ್ಲಗಿನ್ ಮಾಡಿ ಹೊರಗೆ ಬಿಟ್ಟ ಮೇಲೆ, ಅದು ಯಾರದೋ ಸೈಟಿನಲ್ಲಿ, ಯಾವುದೋ ಹಳೇ ಫೋನಿನಲ್ಲಿ ಓಡುತ್ತೆ. ಅಲ್ಲಿ ಏನಾದರೂ ಕೆಟ್ಟರೆ ನೋಡೋಕೆ ನಾವಿರೋದಿಲ್ಲ. ಹಾಗಾಗಿ ನಾನು ವಾರಾಂತ್ಯಗಳಲ್ಲಿ ಕಟ್ಟಿದ ಸ್ಲೈಡರ್‌ನಲ್ಲಿ ಕೋಡಿಗಿಂತ ಹೆಚ್ಚು ಸಮಯ ಹೋಗಿದ್ದು ಟೆಸ್ಟಿಂಗಿಗೆ. ಅದರ ಲೆಕ್ಕಾಚಾರ ಇವತ್ತು ಹೇಳ್ತೀನಿ.

ಮೊದಲನೇ ಪ್ರಶ್ನೆ: ಸ್ಲೈಡರ್ ಬೇಕಾ?

ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ಮುಖಪುಟದ ಸ್ಲೈಡರ್ ಬಗ್ಗೆ 2013ರಲ್ಲಿ ಪ್ರಕಟವಾದ ಅಂಕಿಗಳು ವೆಬ್ ಡೆವಲಪರ್‌ಗಳ ನಡುವೆ ಪ್ರಸಿದ್ಧ. ಪುಟಕ್ಕೆ ಬಂದವರಲ್ಲಿ ಸ್ಲೈಡರ್ ಮೇಲೆ ಕ್ಲಿಕ್ ಮಾಡಿದ್ದು ಸುಮಾರು 1% ಜನ. ಆ ಕ್ಲಿಕ್ಕುಗಳಲ್ಲೂ ಸುಮಾರು 84% ಮೊದಲನೇ ಚಿತ್ರಕ್ಕೇ ಬಿದ್ದವು.

ಇದು ಒಂದೇ ಸೈಟಿನ ಲೆಕ್ಕ, ಎಲ್ಲಾ ಕಡೆ ಇದೇ ಅಂಕಿ ಬರಬೇಕು ಅಂತೇನಿಲ್ಲ. ಆದರೆ ಒಂದು ಬುದ್ಧಿಮಾತು ಇದರಲ್ಲಿದೆ. ಕನ್ನಡ ಸಂಘದ ಸೈಟಿನಲ್ಲಿ "ರಾಜ್ಯೋತ್ಸವದ ಜಾಗ ಬದಲಾಗಿದೆ" ಅನ್ನೋ ಸೂಚನೆಯನ್ನು ಮೂರನೇ ಸ್ಲೈಡಿಗೆ ಹಾಕಿದರೆ, ಅದನ್ನು ಬಚ್ಚಿಟ್ಟ ಹಾಗೇ. ಜನ ತಾವಾಗಿಯೇ "ಮುಂದಿನದು ತೋರಿಸು" ಅನ್ನುವ ಕಡೆ, ಅಂದರೆ ಕಾರ್ಯಕ್ರಮದ ಫೋಟೋ, ಬಾಡಿಗೆ ಮನೆಯ ಕೋಣೆಗಳು, ಅಂಗಡಿಯ ಸೀರೆ, ಇಂಥ ಕಡೆ ಸ್ಲೈಡರ್ ಸರಿ. ನನ್ನ ಪ್ಲಗಿನ್ನಿನ ರೀಡ್‌ಮೀ ಫೈಲಿನ ಮೊದಲ ಪ್ಯಾರಾದಲ್ಲೇ ಇದನ್ನು ಬರೆದಿದ್ದೀನಿ.

ಸಣ್ಣ ಪ್ಲಗಿನ್ ಅಂತ ಸಸಾರ ಬೇಡ

2014ರಲ್ಲಿ ವರ್ಡ್‌ಪ್ರೆಸ್‌ನ ಸ್ಲೈಡರ್ ರೆವಲ್ಯೂಷನ್ ಅನ್ನೋ ಜನಪ್ರಿಯ ಪ್ಲಗಿನ್ನಿನಲ್ಲಿ ಒಂದು ತೂತು ಬೆಳಕಿಗೆ ಬಂತು. ಹೊರಗಿನವರು ಲಾಗಿನ್ ಇಲ್ಲದೆಯೇ ಸರ್ವರಿನ ಫೈಲುಗಳನ್ನು, ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಸಹ, ಇಳಿಸಿಕೊಳ್ಳಬಹುದಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸೋಕ್‌ಸೋಕ್ ಅನ್ನೋ ಮಾಲ್‌ವೇರ್ ಇದೇ ಪ್ಲಗಿನ್ನಿನ ಮೂಲಕ ಹರಡಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು. ಗಮನಿಸಬೇಕಾದ್ದು ಏನಂದ್ರೆ, ಸರಿಪಡಿಸಿದ ಆವೃತ್ತಿ ಅಷ್ಟರಲ್ಲಿ ಬಂದಿತ್ತು. ಆದರೆ ಈ ಪ್ಲಗಿನ್ ಎಷ್ಟೋ ಥೀಮ್‌ಗಳ ಒಳಗೇ ಸೇರಿಕೊಂಡು ಬರ್ತಿತ್ತು. ತಮ್ಮ ಸೈಟಿನಲ್ಲಿ ಅದಿದೆ ಅನ್ನೋದೇ ಅನೇಕರಿಗೆ ಗೊತ್ತಿರಲಿಲ್ಲ, ಇನ್ನು ಅಪ್‌ಡೇಟ್ ಮಾಡೋದೆಲ್ಲಿ!

ಇದರಿಂದ ನಾನು ಎರಡು ನಿಯಮ ಮಾಡಿಕೊಂಡೆ. ಒಂದು, ಪ್ಲಗಿನ್ ಬ್ರೌಸರಿನಲ್ಲಿ ಮಾತ್ರ ಓಡಬೇಕು, ಸರ್ವರಿನ ಫೈಲು ಮುಟ್ಟಬಾರದು. ಎರಡು, ಯಾರೋ ಕೊಟ್ಟ ಶೀರ್ಷಿಕೆಯನ್ನು ಎಚ್‌ಟಿಎಂಎಲ್ ಅಂತ ಪುಟಕ್ಕೆ ಸುರಿಯಬಾರದು, ಬರೀ ಪಠ್ಯವಾಗಿ ಸೇರಿಸಬೇಕು. ಇಲ್ಲದಿದ್ರೆ ಶೀರ್ಷಿಕೆಯ ವೇಷದಲ್ಲಿ ಸ್ಕ್ರಿಪ್ಟ್ ಒಳಗೆ ಬರುತ್ತೆ.

ಕಟ್ಟೋದು ಹೇಗೆ

ಹಿಂದೆ ಜೆಕ್ವೆರಿ ಕಾಲದಲ್ಲಿ ಚಿತ್ರ ಎಷ್ಟು ಪಿಕ್ಸೆಲ್ ಸರಿಯಬೇಕು ಅಂತ ನಾವೇ ಲೆಕ್ಕ ಹಾಕ್ತಿದ್ವಿ. ಈಗ ಸಿಎಸ್‌ಎಸ್‌ನ ಸ್ಕ್ರಾಲ್ ಸ್ನ್ಯಾಪ್ ಇದೆ. ಚಿತ್ರಗಳನ್ನು ಒಂದು ಸಾಲಿನಲ್ಲಿಟ್ಟು, ಅಡ್ಡಕ್ಕೆ ಸ್ಕ್ರಾಲ್ ಆಗುವಂತೆ ಮಾಡಿದರೆ, ಬೆರಳಿಗೆ ಸಿಗುವ ಚಲನೆಯನ್ನು ಬ್ರೌಸರೇ ನೋಡಿಕೊಳ್ಳುತ್ತೆ. ಜಾವಾಸ್ಕ್ರಿಪ್ಟಿಗೆ ಉಳಿಯೋದು ಹಿಂದೆ, ಮುಂದೆ, ನಿಲ್ಲಿಸು, ಈ ಬಟನ್‌ಗಳ ಕೆಲಸ ಮಾತ್ರ. ಜಾವಾಸ್ಕ್ರಿಪ್ಟ್ ಲೋಡ್ ಆಗದೇ ಹೋದರೂ ಬೆರಳಲ್ಲಿ ತಳ್ಳಿ ಚಿತ್ರ ನೋಡಬಹುದು.

ಚಿತ್ರಗಳಿಗೆ ಅಗಲ, ಎತ್ತರ ಎರಡನ್ನೂ ಬರೆದಿಡಿ. ಇಲ್ಲಾಂದ್ರೆ ಚಿತ್ರ ಬಂದ ತಕ್ಷಣ ಕೆಳಗಿನ ಬರಹವೆಲ್ಲಾ ದಢಕ್ಕನೆ ಕೆಳಗೆ ಹಾರುತ್ತೆ. ಇನ್ನೊಂದು, ಲೇಝಿ ಲೋಡಿಂಗ್ ಎರಡನೇ ಚಿತ್ರದಿಂದ ಮುಂದಕ್ಕೆ ಮಾತ್ರ. ಮೊದಲನೇ ಚಿತ್ರ ಪುಟ ತೆರೆದ ಕೂಡಲೇ ಬೇಕು. ಪುಟದ ಅತಿ ದೊಡ್ಡ ಅಂಶ 2.5 ಸೆಕೆಂಡಿನೊಳಗೆ ಕಂಡರೆ ಚೆನ್ನಾಗಿದೆ ಅಂತ ಗೂಗಲ್ ಅಳತೆಗೋಲು. ಮುಖಪುಟದಲ್ಲಿ ಆ ದೊಡ್ಡ ಅಂಶ ಸಾಮಾನ್ಯವಾಗಿ ನಮ್ಮ ಮೊದಲ ಸ್ಲೈಡೇ.

ಟೆಸ್ಟ್ ಪಟ್ಟಿ

*ನಿಲ್ಲುತ್ತಾ?* ತಾನಾಗಿಯೇ ಓಡಲು ಶುರುವಾಗಿ, ಉಳಿದ ವಿಷಯದ ಜೊತೆಗೆ 5 ಸೆಕೆಂಡಿಗಿಂತ ಹೆಚ್ಚು ಚಲಿಸುವ ಯಾವುದಕ್ಕೂ ನಿಲ್ಲಿಸುವ ದಾರಿ ಇರಬೇಕು ಅಂತ ಡಬ್ಲ್ಯುಸಿಎಜಿ ಅನ್ನೋ ಜಾಗತಿಕ ಮಾನದಂಡ ಹೇಳುತ್ತೆ. ನಿಧಾನವಾಗಿ ಓದುವ ಅಪ್ಪ ಅಮ್ಮನನ್ನು ನೆನಪಿಸಿಕೊಳ್ಳಿ. ಅರ್ಧ ವಾಕ್ಯ ಓದುವಷ್ಟರಲ್ಲಿ ಸ್ಲೈಡ್ ಹೋಗಿಬಿಟ್ಟರೆ ಅವರು ಏನು ಮಾಡಬೇಕು? ಕೆಲವರಿಗೆ ಚಲನೆ ನೋಡಿದರೆ ತಲೆ ಸುತ್ತುತ್ತೆ. ಅಂಥವರು ಫೋನಿನ ಸೆಟ್ಟಿಂಗಿನಲ್ಲಿ ಚಲನೆ ಕಡಿಮೆ ಮಾಡಿಟ್ಟಿದ್ದರೆ ಸ್ಲೈಡರ್ ಅದನ್ನು ಗೌರವಿಸಬೇಕು. ನನ್ನದರಲ್ಲಿ ತಾನಾಗಿ ಓಡೋದು ಮೊದಲಿಂದಲೇ ಆಫ್.

*ಮೌಸ್ ಇಲ್ಲದೆ?* ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಎಂಟರ್ ಕೀಗಳಲ್ಲೇ ಎಲ್ಲಾ ಮಾಡಿ ನೋಡಿ. ಆಮೇಲೆ ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ, ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಹಾಕಿಕೊಂಡು, ಕಣ್ಣು ಮುಚ್ಚಿ ಒಮ್ಮೆ ಕೇಳಿ. ಬಟನ್ ಅಂದರೆ ಬರೀ "ಬಟನ್" ಅಂತ ಓದಿದರೆ ಸಾಲದು, "ಮುಂದಿನ ಚಿತ್ರ" ಅನ್ನಬೇಕು.

*ಯಡವಟ್ಟು ಸನ್ನಿವೇಶಗಳು.* ಚಿತ್ರವೇ ಇಲ್ಲ. ಒಂದೇ ಚಿತ್ರ ಇದೆ. ಒಂದು ಲಿಂಕ್ ಸತ್ತಿದೆ. ಅಡ್ಡ ಚಿತ್ರಗಳ ನಡುವೆ ಒಂದು ಉದ್ದ ಚಿತ್ರ. ಒಂದೇ ಪುಟದಲ್ಲಿ ಎರಡು ಸ್ಲೈಡರ್. ಮುಚ್ಚಿರುವ ಟ್ಯಾಬಿನೊಳಗೆ ಸ್ಲೈಡರ್. ಅಲ್ಲಿ ಅಗಲ ಸೊನ್ನೆ ಅಂತ ಬರುತ್ತೆ, ತೆರೆದಾಗ ಮತ್ತೆ ಅಳೆಯಬೇಕು. ಹೈದರಾಬಾದಿನವರಿಗೆ ಇನ್ನೊಂದು: ಉರ್ದು ಪುಟ ಬಲದಿಂದ ಎಡಕ್ಕೆ. ಅಲ್ಲಿ "ಮುಂದೆ" ಅಂದರೆ ಎಡಕ್ಕೆ.

*ಕನ್ನಡ ಶೀರ್ಷಿಕೆ.* ಇಂಗ್ಲಿಷಿನಲ್ಲಿ ಮಾತ್ರ ಟೆಸ್ಟ್ ಮಾಡಿದವರ ಸ್ಲೈಡರ್ ಇಲ್ಲಿ ಸಿಕ್ಕಿಬೀಳುತ್ತೆ. ಪಟ್ಟಿಯ ಎತ್ತರ ಬಿಗಿಯಾಗಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತೆ. "ಸ್ತ್ರೀ" ನಮಗೆ ಒಂದು ಅಕ್ಷರ. ಜಾವಾಸ್ಕ್ರಿಪ್ಟಿಗೆ ಅದರ ಉದ್ದ 6. 20 ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕು ಅಂದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗಬಹುದು. ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಅನಿಮೇಷನ್ ಕೂಡ ಹೀಗೇ ಒಡೆಯುತ್ತೆ. ಪದ ಪದವಾಗಿ ಮಾತ್ರ ಬಿಡಿಸಿ. ನನ್ನ ಟೆಸ್ಟ್ ಡೇಟಾದಲ್ಲಿ "ರಾಷ್ಟ್ರೀಯ", "ಸ್ವಾತಂತ್ರ್ಯ" ಯಾವಾಗಲೂ ಇರುತ್ತವೆ.

*ಯಂತ್ರಕ್ಕೆ ಬಿಡುವ ಟೆಸ್ಟ್.* ಪ್ಲೇರೈಟ್ ಬಳಸಿ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರರಲ್ಲೂ ಪ್ರತಿ ಬದಲಾವಣೆಗೆ ಟೆಸ್ಟ್ ಓಡಿಸ್ತೀನಿ. ಸ್ಲೈಡ್ ಬದಲಾಗಲಿ ಅಂತ ನಿಜವಾಗಿ 5 ಸೆಕೆಂಡ್ ಕಾಯಬೇಡಿ, ನಕಲಿ ಗಡಿಯಾರ ಕೊಟ್ಟು ಮುಂದಕ್ಕೆ ತಿರುಗಿಸಿ. ಕಾಯುವ ಟೆಸ್ಟ್ ಒಂದು ದಿನ ಪಾಸ್, ಒಂದು ದಿನ ಫೇಲ್ ಆಗಿ ತಲೆ ತಿನ್ನುತ್ತೆ. ಆದರೆ ಪ್ಲೇರೈಟ್‌ನ ವೆಬ್‌ಕಿಟ್ ಅಂದರೆ ಐಫೋನಿನ ಸಫಾರಿ ಅಲ್ಲ. ಬಿಡುಗಡೆಗೆ ಮುಂಚೆ ನಿಜವಾದ ಐಫೋನ್ ಒಂದು, ಅಗ್ಗದ ಆಂಡ್ರಾಯ್ಡ್ ಒಂದು ಕೈಯಲ್ಲಿ ಹಿಡಿದು ನೋಡಲೇಬೇಕು. ರೂಮ್‌ಮೇಟ್ ಫೋನಾದರೂ ಸರಿ.

ಹೊರಗೆ ಬಿಡುವ ಮುಂಚೆ

ಲೈಸೆನ್ಸ್ ಫೈಲ್ ಇಲ್ಲದೆ ಕೋಡ್ ಬಿಟ್ಟರೆ ಅದು ಓಪನ್ ಸೋರ್ಸ್ ಆಗೋದಿಲ್ಲ, ಕಣ್ಣಿಗೆ ಕಾಣುತ್ತೆ ಅಷ್ಟೇ. ಬಳಸುವ ಹಕ್ಕು ಯಾರಿಗೂ ಸಿಗೋದಿಲ್ಲ. ಎಂಐಟಿ ಸರಳ. ವರ್ಡ್‌ಪ್ರೆಸ್‌ನ ಅಧಿಕೃತ ಪ್ಲಗಿನ್ ಪಟ್ಟಿಗೆ ಹೋಗಬೇಕಾದರೆ ಜಿಪಿಎಲ್‌ಗೆ ಹೊಂದುವ ಲೈಸೆನ್ಸ್ ಬೇಕು, ಎಂಐಟಿ ಅದಕ್ಕೂ ಹೊಂದುತ್ತೆ.

ನಮ್ಮಂಥ ಕಂಪನಿ ಕೆಲಸದವರಿಗೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಮಾಲೀಕರದ್ದು. ಕೆಲವು ಕಂಪನಿಗಳ ಕರಾರು ಇದಕ್ಕಿಂತಲೂ ಅಗಲವಾಗಿರುತ್ತೆ, ಬಿಡುವಿನ ವೇಳೆಯ ಕೆಲಸವನ್ನೂ ಸೇರಿಸಿಕೊಳ್ಳುತ್ತೆ. ಸೇರುವಾಗ ಸಹಿ ಹಾಕಿದ ಕಾಗದವನ್ನು ಒಮ್ಮೆ ತೆಗೆದು ಓದಿ. ಅನುಮಾನ ಇದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ, ಲಿಖಿತ ಒಪ್ಪಿಗೆ ತಗೊಳ್ಳಿ. ಆಫೀಸ್ ಲ್ಯಾಪ್‌ಟಾಪ್ ಅಂತೂ ಮುಟ್ಟಲೇಬೇಡಿ.

ಕೊನೆಯದಾಗಿ ಆವೃತ್ತಿ ಸಂಖ್ಯೆ. 1.4.2 ಅಂದರೆ ಅದೊಂದು ಮಾತು ಕೊಟ್ಟ ಹಾಗೆ. ಬಗ್ ಸರಿಪಡಿಸಿದರೆ ಕೊನೆಯ ಅಂಕಿ, ಹೊಸದನ್ನು ಸೇರಿಸಿದರೆ ನಡುವಿನದು, ಹಳೆಯದು ಮುರಿಯುವಂತಿದ್ದರೆ ಮೊದಲನೆಯದು. ಒಂದು ಸಿಎಸ್‌ಎಸ್ ಕ್ಲಾಸಿನ ಹೆಸರು ಬದಲಿಸಿದರೂ ಅದನ್ನು ನಂಬಿದ ಸೈಟಿನ ಅಂದ ಕೆಡುತ್ತೆ, ಹಾಗಾಗಿ ಅದಕ್ಕೂ ಮೊದಲ ಅಂಕಿಯೇ ಏರಬೇಕು.

ನಿಮ್ಮ ಪ್ಲಗಿನ್ ಹಾಕಿಕೊಳ್ಳುವವರು ನಿಮ್ಮ ಕೋಡ್ ಓದೋದಿಲ್ಲ, ನಂಬ್ತಾರೆ. ಮೇಲಿನ ಪಟ್ಟಿಯಲ್ಲಿ ಒಂದನ್ನೇ ಆರಿಸಿಕೊಳ್ಳೋದಾದರೆ, ಈ ಶನಿವಾರ ಮೌಸ್ ತೆಗೆದಿಟ್ಟು ನೀವು ಕಟ್ಟಿದ ಯಾವುದಾದರೂ ಪುಟವನ್ನು ಕೀಬೋರ್ಡಿನಲ್ಲೇ ನಡೆಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡ್ರಿ ಅಂತ ಬರೀರಿ, ಮುಂದಿನ ಮಾತಿನಲ್ಲಿ ಅದನ್ನೇ ಎತ್ತಿಕೊಳ್ಳೋಣ.