ಬೆಂಕಿ ಕಾಣದ ಒಲೆ

ಮಲೆನಾಡು ಹಾಗೂ ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಒಂದು ಅಟ್ಟವಿರುತ್ತಿತ್ತು. ಒಲೆಯ ಹೊಗೆಗೆ ಅಲ್ಲಿ ಒಣಗಿದ ಪದಾರ್ಥಗಳು ಮಳೆಗಾಲದಲ್ಲಿಯೂ ಕೆಡದೆ ಉಳಿಯುತ್ತಿದ್ದವು. ಉರಿ ಕಣ್ಣೆದುರಿಗೇ ಇರುತ್ತಿದ್ದುದರಿಂದ ಮನೆಯವರಿಗೆ ಎಚ್ಚರವೂ ಸಹಜವಾಗಿಯೇ ಇತ್ತು. ಇಂದು ದೆಹಲಿಯ ನಮ್ಮ ಬಾಲ್ಕನಿಗಳಿಗೆ ಎಲೆಕ್ಟ್ರಿಕ್ ತಂದೂರು ಬಂದಿದೆ. ಮರದ ಚೂರುಗಳನ್ನು ವಿದ್ಯುತ್ತಿನಿಂದ ಕಾಯಿಸಿ, ಆ ಹೊಗೆಯಲ್ಲಿ ಆಹಾರವನ್ನು ಬೇಯಿಸುವ ಎಲೆಕ್ಟ್ರಿಕ್ ಸ್ಮೋಕರ್ ಎಂಬ ಪೆಟ್ಟಿಗೆಯೂ ಕೆಲವರ ಮನೆಯನ್ನು ಸೇರಿದೆ. ಇವುಗಳಲ್ಲಿ ಉರಿ ಕಾಣುವುದಿಲ್ಲ. ನಾವು ಮೈಮರೆಯುವುದಕ್ಕೆ ಅದೇ ಕಾರಣ.

ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗವೊಂದನ್ನು ಸಂಕೋಚದಿಂದ ನಿವೇದಿಸುತ್ತೇನೆ. ಕಳೆದ ಚಳಿಗಾಲದ ಒಂದು ಸಂಜೆ ತಂದೂರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ, ಗೊಜ್ಜಿಗೆಂದು ಎಣ್ಣೆ ಸವರಿದ ಬದನೆಕಾಯಿಗಳನ್ನು ಸುಡಲಿಟ್ಟು, ಅತಿಥಿಗಳೊಡನೆ ಮಾತಿಗೆ ಕುಳಿತೆವು. ಸುಟ್ಟ ವಾಸನೆ ಬಂದಾಗ ಅದು ಬದನೆಕಾಯಿಯದೆಂದೇ ಭಾವಿಸಿದೆವು. ಎದ್ದು ನೋಡಿದರೆ ಪ್ಲಗ್ಗು ಮೇಣದಂತೆ ಮೆತ್ತಗಾಗಿತ್ತು. ಒಳಗಿನ ತಟ್ಟೆಯಲ್ಲಿ ಹಿಂದಿನ ವಾರದ ಜಿಡ್ಡು ಹೊತ್ತಿಕೊಂಡಿತ್ತು. ನಮ್ಮ ಅತ್ತೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಧಾವಿಸುತ್ತಿದ್ದರು. ಮಗಳು "ಅಜ್ಜೀ, ನೀರು ಬೇಡ!" ಎಂದು ಕೂಗಿ ಮೇನ್ ಸ್ವಿಚ್ಚನ್ನು ಆರಿಸಿದಳು. ಮುಚ್ಚಿದ ಪೆಟ್ಟಿಗೆಯೊಳಗೆ ಉರಿ ಕ್ರಮೇಣ ಅಡಗಿತು. ಆ ನೀರು ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಕಾದ ಎಣ್ಣೆಯೊಳಕ್ಕೆ ಇಳಿದ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ.

ದೆಹಲಿಯವರು ಮರೆಯಲಾಗದ ಉದಾಹರಣೆಯೊಂದಿದೆ. 1997ರ ಜೂನ್ 13ರಂದು ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಮೃತಪಟ್ಟರು. ಕೆಳಗಿನ ಟ್ರಾನ್ಸ್‌ಫಾರ್ಮರಿನ ಸಡಿಲವಾದ ಕೇಬಲ್ ಜೋಡಣೆಯಿಂದ ಕಿಡಿ ಹಾರಿತು, ಸೋರಿದ ಎಣ್ಣೆ ಹೊತ್ತಿತು, ಹೊಗೆ ಮೇಲಿನ ಬಾಲ್ಕನಿಯನ್ನು ತುಂಬಿತು. ಹೊರಹೋಗುವ ದಾರಿ ಸುಗಮವಾಗಿರಲಿಲ್ಲ. ಅನೇಕರು ಉಸಿರುಕಟ್ಟಿಯೇ ಪ್ರಾಣ ಬಿಟ್ಟರು. ಆ ಮಹಾದುರಂತಕ್ಕೂ ನಮ್ಮ ಬಾಲ್ಕನಿಯ ಪುಟ್ಟ ಪೆಟ್ಟಿಗೆಗೂ ಹೋಲಿಕೆಯೆಲ್ಲಿ ಎನ್ನಬಹುದು. ಆದರೆ ಸಡಿಲ ಜೋಡಣೆ, ಎಣ್ಣೆ, ಹೊಗೆ, ಮುಚ್ಚಿದ ದಾರಿ ಎಂಬ ಈ ನಾಲ್ಕೂ ನಮ್ಮ ಮನೆಯಲ್ಲಿಯೂ ಒಂದೆಡೆ ಸೇರಬಲ್ಲವು. ಆದುದರಿಂದ ಈ ಮುಂದಿನ ಎಚ್ಚರಿಕೆಗಳು ಅವಶ್ಯ.

1. ವಿದ್ಯುತ್ತಿನ ಲೆಕ್ಕ: 2,000 ವಾಟ್ ಉಪಕರಣವು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮನೆಯ ಸಣ್ಣ ಸಾಕೆಟ್ಟು 6 ಆಂಪಿಯರಿನದು. ಪ್ರವಾಹ ಎರಡರಷ್ಟಾದರೆ ತಂತಿಯ ಶಾಖ ನಾಲ್ಕರಷ್ಟಾಗುವುದು. ಆದುದರಿಂದ ಗೋಡೆಯ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು. ದೊಡ್ಡ ಪ್ಲಗ್ಗನ್ನು ಸಣ್ಣದಕ್ಕೆ ಹೊಂದಿಸುವ ಕನ್ವರ್ಟರ್ ಸಲ್ಲದು. ಪ್ಲಗ್ಗು ಬಿಸಿಯಾದರೆ, ಸಡಿಲವೆನಿಸಿದರೆ ಕೂಡಲೇ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು.

2. ಜಿಡ್ಡು: ಪ್ರತಿ ಬಳಕೆಯ ನಂತರ, ಉಪಕರಣ ತಣಿದ ಮೇಲೆ, ತಟ್ಟೆಯನ್ನು ತೊಳೆಯಬೇಕು. ಅಡುಗೆ ಎಣ್ಣೆ ಅತಿಯಾಗಿ ಕಾದರೆ ಕಿಡಿಯ ಸೋಂಕಿಲ್ಲದೆಯೂ ಹೊತ್ತಿಕೊಳ್ಳಬಲ್ಲದು.

3. ಸ್ಥಳ: ಪರದೆ, ಒಣಹಾಕಿದ ಬಟ್ಟೆ, ಹಳೆಯ ಪತ್ರಿಕೆ, ಗ್ಯಾಸ್ ಸಿಲಿಂಡರು ಹತ್ತಿರವಿರಬಾರದು. ಮನೆಯಿಂದ ಹೊರಗೋಡುವ ದಾರಿಯಲ್ಲಿ ಉಪಕರಣವನ್ನು ಇಡಬಾರದು.

4. ಹೊಗೆ: ಸ್ಮೋಕರನ್ನು ಕೋಣೆಯೊಳಗಾಗಲಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಾಗಲಿ ಬಳಸಲೇಬಾರದು, ತೆರೆದ ಬಯಲೇ ಅದಕ್ಕೆ ತಕ್ಕ ಜಾಗ. ಕಮರುವ ಮರವು ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬಾಗಿಲು ಮುಚ್ಚಿ ಅಂಗೀಠಿ ಹಚ್ಚಿ ಮಲಗಿದವರ ಪ್ರಾಣ ತೆಗೆಯುವುದೂ ಇದೇ ಅನಿಲ.

5. ಬೂದಿ: ಆರಿದಂತೆ ಕಂಡ ಚೂರುಗಳಲ್ಲಿ ಕೆಂಡ ಅಡಗಿರಬಹುದು. ಪೂರ್ಣ ತಣಿಯುವವರೆಗೆ ಲೋಹದ ಡಬ್ಬಿಯಲ್ಲಿಡಬೇಕು.

ಇಷ್ಟಾಗಿಯೂ ಒಳಗೆ ಬೆಂಕಿ ಕಾಣಿಸಿಕೊಂಡರೆ ಬಾಗಿಲನ್ನು ತೆರೆಯಬಾರದು. ಗಾಳಿ ನುಗ್ಗಿದೊಡನೆ ಉರಿ ಭುಗಿಲೇಳುತ್ತದೆ. ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ನೀರು ಹಾಕಬಾರದು. ಒಣಪುಡಿಯ ಅಗ್ನಿಶಾಮಕವೊಂದು ಅಡುಗೆಮನೆಯ ಬಾಗಿಲ ಬಳಿ ಇರಲಿ. ಅದನ್ನು ಬಳಸುವ ಬಗೆ ಮನೆಯವರೆಲ್ಲರಿಗೂ ತಿಳಿದಿರಲಿ. ಉರಿ ಹೊರಗೆ ಹರಡಿದರೆ ಸಾಮಾನಿನ ಆಸೆ ತೊರೆದು ಎಲ್ಲರೂ ಹೊರಬಂದು, 101 ಅಥವಾ 112ಕ್ಕೆ ಕರೆ ಮಾಡಬೇಕು. ಲಿಫ್ಟನ್ನು ಬಳಸಬಾರದು.

ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದೇ ಉತ್ತಮ ಪ್ರಥಮ ಚಿಕಿತ್ಸೆ. ತುಪ್ಪ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಕೂಡದು. ಗಾಯ ದೊಡ್ಡದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಬೆಂಕಿಗಂತೂ ಬಾವಿಯ ನೀರೂ ಒದಗಲಾರದು. ಉರಿ ಕಾಣದಿದ್ದರೂ ಅದು ಒಲೆಯೇ ಎಂಬುದನ್ನು ನೆನಪಿಟ್ಟು, ಅದು ಉರಿಯುವಷ್ಟು ಹೊತ್ತು ಮನೆಯವರೊಬ್ಬರು ಅದರ ಬಳಿ ಇದ್ದರೆ ಸಾಕು. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ.